ಫೋಟೋ ಗಾರ್ಬಲು

ನಮ್ಮ ಕಡೆ ಕುಟುಂಬಕ್ಕೊಬ್ಬ ಫೋಟೋ ಮಾವ ಇದ್ದೇ ಇರುತ್ತಾರೆ. ಮುಹೂರ್ತದ ಹೊತ್ತಿಗೆ ಸರಿಯಾಗಿ ಪುರೋಹಿತರ ಮತ್ತು ಮದುಮಗಳ ನಡುವೆ ತಲೆ ತೂರಿಸಿ, ದುಡ್ಡು ಕೊಟ್ಟು ಕರೆಸಿದ ಫೋಟೋಗ್ರಾಫರನ ಆಲ್ಬಮ್ಮಿಗೆ ತನ್ನ ಬೆನ್ನನ್ನು ದಾನ ಮಾಡುವವರು. ಯಾವ ಸಮಾರಂಭದ ಮಾತು ಬಂದರೂ "ಅದರ ಫೋಟೋ ನನ್ನಲ್ಲಿ ಉಂಟು" ಎನ್ನುವವರು. ಉಂಟು ಎನ್ನುವುದು ಸತ್ಯವೇ. ಎಲ್ಲಿ ಉಂಟು ಎಂದು ಮಾತ್ರ ಕೇಳಬಾರದು.

ನನ್ನ ಪಾಲಿನ ಫೋಟೋ ಮಾವ ಮುಂಡಾಜೆಯವರು. ಸೋಮಂತಡ್ಕದಲ್ಲಿ ಬಸ್ಸಿಳಿದು ಒಳಗೆ ಹೋದರೆ ಅಡಿಕೆ ತೋಟ, ತೋಟದ ನಡುವೆ ಮನೆ, ಚಾವಡಿಯ ಮೂಲೆಯಲ್ಲಿ ಹಳೆಯ ಪಂಚೆ ಹೊದ್ದ ಕಂಪ್ಯೂಟರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯುಷ್ಯ ಮುಗಿಯಿತು, ಹೊಸ ವಿಂಡೋಸ್ ಈ ಮಶೀನಿಗೆ ಹತ್ತುವುದಿಲ್ಲ ಎಂದು ಬೆಂಗಳೂರಿನ ಮಗ ಹೊಸತೊಂದನ್ನು ಕಳಿಸಿದ. ಮಾವನಿಗೆ ಸಿಟ್ಟು. "ಫಲ ಕೊಡುವ ಮರವನ್ನು ಯಾರೋ ಅಮೆರಿಕದಲ್ಲಿ ಕೂತು ಹೇಳಿದ ಅಂತ ಕಡಿಯುವುದಾ ಮಾರಾಯ?"

ಫೋಟೋಗಳನ್ನು ಹೊಸ ಮನೆಗೆ ಸಾಗಿಸುವ ಕೆಲಸ ನನ್ನ ತಲೆಗೆ ಬಂತು. ಮಾವ ಅಟ್ಟದಿಂದ ಸಾಮಾನು ಇಳಿಸತೊಡಗಿದರು: ಎರಡು ತಲೆಮಾರು ಹಿಂದಿನ ಕಂಪ್ಯೂಟರಿನ 80 ಜಿಬಿ ಹಾರ್ಡ್‌ಡಿಸ್ಕು, ಬೂಸ್ಟು ಹಿಡಿದ ಸೀಡಿಗಳ ಕಟ್ಟು, ಹಾರ್ಲಿಕ್ಸ್ ಬಾಟ್ಲಿಯಲ್ಲಿ ಅಕ್ಕಿಯ ನಡುವೆ ಹುದುಗಿಸಿಟ್ಟ ಪೆನ್‌ಡ್ರೈವುಗಳು. ಹಾರ್ಡ್‌ಡಿಸ್ಕಿನ ಹಿಂದೆ 40 ಮುಳ್ಳು. ಚಪ್ಪಟೆ ಪಟ್ಟಿಯಂಥ ಅದರ ಕೇಬಲ್ಲು ಸಿಕ್ಕಿಸಲು ಹೊಸ ಕಂಪ್ಯೂಟರಿನಲ್ಲಿ ಜಾಗವೇ ಇಲ್ಲ. ಕನ್ವರ್ಟರ್ ತರಿಸಿ, ಕರೆಂಟು ಬರುವುದನ್ನು ಕಾದು, ಸಿಕ್ಕಿಸಿದರೆ ಡಿಸ್ಕು ತಿರುಗಿತು. ಸೀಡಿಗಳನ್ನು ಮಾವ ಅಂಗಳದ ಬಿಸಿಲಿಗೆ ಹರಡಲು ಹೊರಟಿದ್ದರು, ಅಡಿಕೆಯ ಪಕ್ಕದಲ್ಲಿ. ಬಿಸಿಲು ಬಡಿದರೆ ಸೀಡಿಯ ಒಳಗಿನ ಬಣ್ಣವೇ ಹೋಗುತ್ತದೆ ಎಂದು ಓಡಿಹೋಗಿ ತಡೆದೆ.

ಮಾವ ಇದುವರೆಗೂ ಸಂಸಾರ ಮಾಡಿದ್ದು ಪಿಕಾಸಾದ ಜೊತೆ. ಗೂಗಲ್ ಅದನ್ನು 2016ರಲ್ಲೇ ಕೈಬಿಟ್ಟಿದೆ, ಮಾವ ಬಿಟ್ಟಿಲ್ಲ. ಪಿಕಾಸಾ ಬಹಳ ಮರ್ಯಾದಸ್ತ. ಮೂಲ ಫೋಟೋವನ್ನು ಮುಟ್ಟುತ್ತಿರಲಿಲ್ಲ. ಕಣ್ಣಿನ ಕೆಂಪು ತೆಗೆದದ್ದು, ಅಂಚು ಕತ್ತರಿಸಿದ್ದು ಎಲ್ಲವನ್ನೂ ಪಕ್ಕದಲ್ಲೊಂದು ಅಡಗಿದ ಚೀಟಿಯಲ್ಲಿ ಬರೆದಿಡುತ್ತಿತ್ತು. ನನಗಿಂತ ಮೊದಲು ಈ ಕೆಲಸಕ್ಕೆ ಕೈಹಾಕಿದ್ದ ಹುಡುಗನೊಬ್ಬ ಫೋಟೋಗಳನ್ನಷ್ಟೇ ಕಾಪಿ ಮಾಡಿ ಚೀಟಿಗಳನ್ನು ಕಸವೆಂದು ಬಿಟ್ಟುಬಿಟ್ಟಿದ್ದ. ಮಾವ ಮಳೆಗಾಲವಿಡೀ ಕೂತು ಒಂದೊಂದೇ ಸರಿಮಾಡಿದ್ದ ಕಣ್ಣುಗಳು ಮತ್ತೆ ಕೆಂಪಾದವು. ಉಪನಯನದ ಪಂಕ್ತಿಯಲ್ಲಿ ಸಾಲಾಗಿ ಕೂತ ಸೋದರತ್ತೆಯಂದಿರೆಲ್ಲ ಯಕ್ಷಗಾನದ ಬಣ್ಣದ ವೇಷಗಳು. ನಂಬರಿನ ಪಜೀತಿ ಬೇರೆ. ಕ್ಯಾಮರಾದ ಲೆಕ್ಕ 9999 ಮುಟ್ಟಿದ ಮೇಲೆ ಮತ್ತೆ 1ರಿಂದ ಶುರು. ಎರಡು ಫೈಲಿಗೆ ಒಂದೇ ಹೆಸರು ಬಂದಾಗ ಕಂಪ್ಯೂಟರು "ಹಳೆಯದರ ಮೇಲೆ ಹೊಸತನ್ನು ಹಾಕಲೇ?" ಎಂದು ಕೇಳಿತ್ತು. ಯಾರು ಏನು ಕೇಳಿದರೂ ಹೂಂ ಎನ್ನುವ ಮಾವ ಅದಕ್ಕೂ ಹೂಂ ಎಂದಿದ್ದಾರೆ. ಹಾಗಾಗಿ ತಂಗಿಯ ಮಗುವಿನ ನಾಮಕರಣದ ನಡುವೆ ತೊಟ್ಟಿಲು ಇರಬೇಕಾದಲ್ಲಿ ಒಂದು ಪಂಪ್‌ಸೆಟ್ಟು ಉಂಟು.

ಆದರೂ ಜೀವ ತಿಂದದ್ದು ವಿಂಗಡಣೆ. ನಾನು ವರ್ಷ, ತಿಂಗಳು ಎಂದು ಫೋಲ್ಡರು ಮಾಡೋಣ ಎಂದೆ. ಮಾವ ಒಪ್ಪಲಿಲ್ಲ. ಅವರಿಗೆ ಗೊತ್ತಿರುವ ವಿಂಗಡಣೆ ಒಂದೇ, ಅಡಿಕೆಯ ಗಾರ್ಬಲು. ಸುಲಿದ ರಾಶಿಯ ಮುಂದೆ ಕೂತು ಬೆರಳ ತುದಿಯಲ್ಲೇ ಚಾಲಿ, ಪಟೋರ, ಕೋಕ, ಕರಿಗೋಟು ಎಂದು ಎಸೆಯುವ ಕೈ ಅದು. ಅವೇ ಹೆಸರಿನ ಫೋಲ್ಡರು ಆದವು. ಎಲ್ಲರ ಕಣ್ಣು ತೆರೆದಿದ್ದರೆ ಚಾಲಿ. ಒಬ್ಬಿಬ್ಬರು ಮುಚ್ಚಿದ್ದರೆ ಪಟೋರ. ತಲೆ ಕತ್ತರಿಸಿಹೋದದ್ದು ಕೋಕ. ಮಸುಕು, ಕತ್ತಲೆ, ಮಾವನದೇ ಹೆಬ್ಬೆರಳು, ಇವೆಲ್ಲ ಕರಿಗೋಟು. "ಕರಿಗೋಟು ಡಿಲೀಟ್ ಮಾಡ್ಲಾ ಮಾವ?" ಎಂದೆ. ದೇವಸ್ಥಾನದ ಹುಂಡಿಗೆ ಕೈಹಾಕಿದವನನ್ನು ನೋಡುವಂತೆ ನೋಡಿದರು. "ಕರಿಗೋಟಿಗೂ ಒಂದು ರೇಟು ಉಂಟು ಮಾಣಿ. ಬಿಸಾಡುವ ಅಡಿಕೆ ಅಂತ ಇಲ್ಲ." ಒಂದೇ ಹೋಳಿಗೆಯ ಏಳು ಫೋಟೋ ಉಂಟಲ್ಲ ಎಂದರೆ, ಇರಲಿ, ಹಳತಾದಷ್ಟು ಧಾರಣೆ ಜಾಸ್ತಿ, ಡಬ್ಬಲ್ ಚೋಲ್ ಆಗುತ್ತದೆ ಎಂದರು. ಈ ವಾದಕ್ಕೆ ಕ್ಯಾಂಪ್ಕೋದಲ್ಲೂ ಉತ್ತರ ಸಿಗಲಾರದು.

ತಾರೀಕು ನೋಡಿ ಜೋಡಿಸೋಣವೆಂದರೆ ಅದೂ ಕೆಟ್ಟಿತ್ತು. ಮೊದಲ ಕ್ಯಾಮರಾದ ಬ್ಯಾಟರಿ ತೆಗೆದಾಗಲೆಲ್ಲ ಅದರ ಗಡಿಯಾರ ಹಿಂದಕ್ಕೆ ಓಡುತ್ತಿತ್ತಂತೆ. ದಾಖಲೆಯ ಪ್ರಕಾರ ಮಾವ 2005ರ ಜನವರಿ 1ನೇ ತಾರೀಕು ಒಂದೇ ದಿನ ಮೂರು ಮದುವೆ, ಒಂದು ಗೃಹಪ್ರವೇಶ, ಎರಡು ಕೋಲ ಮುಗಿಸಿ, 2012ರ ವೇಣೂರು ಮಹಾಮಸ್ತಕಾಭಿಷೇಕಕ್ಕೂ ಹೋಗಿಬಂದಿದ್ದಾರೆ.

ಇಲ್ಲಿಯವರೆಗೆ ಅತ್ತೆ ಈ ಕಡೆ ತಲೆಹಾಕಿರಲಿಲ್ಲ. ಬಾಗಿಲ ಬಳಿ ಮೆಟ್ಟುಕತ್ತಿಯಲ್ಲಿ ಬಾಳೆಕಾಯಿ ಹೆಚ್ಚುತ್ತಾ ಕೂತಿದ್ದವರು ಕತ್ತೆತ್ತಿ ಒಮ್ಮೆ ಪರದೆ ನೋಡಿದರು. "ಅದು ಕಲ್ಮಂಜದ ಮದುವೆ. ನನ್ನ ಹಸಿರು ಸೀರೆ ನೋಡು. ಅದು ಸಿಕ್ಕಿದ್ದೇ ಆ ವರ್ಷದ ಚೌತಿಗೆ." ಮುಂದಿನದು. "ಹೆಂಚು ತೆಗೆಯುವ ಮೊದಲು. ಕೊಟ್ಟಿಗೆಯಲ್ಲಿ ಕಪಿಲೆ ಇನ್ನೂ ಇದ್ದಾಳೆ." ಅದರ ಮುಂದಿನದರಲ್ಲಿ ಬರೀ ಒಂದು ಕೈ, ಸಾರಿನ ಸೌಟು. "ಇವರ ಚಿಕ್ಕಮ್ಮನ ಬಳೆ. ವೈಕುಂಠ ಸಮಾರಾಧನೆಯ ಮುಂಚಿನ ವರ್ಷ, ನವರಾತ್ರಿ." ಕತ್ತಿ ಒಂದು ಕ್ಷಣವೂ ನಿಲ್ಲಲಿಲ್ಲ. ನಾನು ಟೈಪು ಮಾಡುತ್ತಾ ಹೋದೆ. ಮಾವ ಮೌಸು ಬಿಟ್ಟು ಚಾ ಮಾಡಲು ಎದ್ದರು. ಈ ಮನೆಯಲ್ಲಿ ಅದು ಫೋಟೋ ತೆಗೆಯಬೇಕಾದ ಘಟನೆ.

ಇಷ್ಟಕ್ಕೂ ಈ ಗಡಿಬಿಡಿಗೆ ಕಾರಣ ಉಂಟು. ಬರುವ ವೈಶಾಖಕ್ಕೆ ಇಬ್ಬರ ಮದುವೆಗೆ 50 ವರ್ಷ. ಆಮಂತ್ರಣದ ಕಾಗದಕ್ಕೆ ಹಾಕಲು ದಂಪತಿ ಒಟ್ಟಿಗಿರುವ ಒಂದು ಫೋಟೋ ಬೇಕೆಂದು ಮಗ ಕೇಳಿದ್ದ. ಕೊನೆಯ ಲೆಕ್ಕದಲ್ಲಿ ನಮ್ಮ ಬಳಿ ಇದ್ದದ್ದು 41,306. ಫೋನಿನವೂ ಬಂದು, ಪಜಿರಡ್ಕದಲ್ಲಿ ಮೃತ್ಯುಂಜಯ ನೇತ್ರಾವತಿಗೆ ಕೂಡಿದ ಹಾಗೆ ಕೂಡಿಕೊಂಡ ಮೇಲಿನ ಲೆಕ್ಕ. ಚಾಲಿ ಪೂರ್ತಿ ಜಾಲಾಡಿದೆವು, ಇಲ್ಲ. ಪಟೋರದಲ್ಲಿ ಇಲ್ಲ. ಮಾವ ಕ್ಯಾಮರಾದ ಹಿಂದೆ, ಅತ್ತೆ ಅಡುಗೆಮನೆಯೊಳಗೆ. ಕಡೆಗೆ ಕರಿಗೋಟಿನಲ್ಲಿ ಒಂದು ಸಿಕ್ಕಿತು. ಯಾವುದೋ ಮಗು ಕ್ಯಾಮರಾ ಎಳೆದುಕೊಂಡು ನಾಯಿಯನ್ನು ತೆಗೆದದ್ದು, ಇಡೀ ಲೋಕ ಎಡಕ್ಕೆ ವಾಲಿದೆ. ನಾಯಿಯ ಬಾಲದ ಹಿಂದೆ ಮಾವನೂ ಅತ್ತೆಯೂ ಒಂದು ಅಡಿಕೆಗೊನೆಯ ಎರಡು ಪಕ್ಕ ಬಗ್ಗಿ ನಿಂತು ಯಾವುದಕ್ಕೋ ಜಗಳವಾಡುತ್ತಿದ್ದಾರೆ. ಅವರ ಹಿಂದೆ ಹೊಳೆಬದಿಯ ಸಾಲುಮರ.

"2019ರ ಆಗಸ್ಟಿಗಿಂತ ಮೊದಲಿನದು" ಎಂದರು ಮಾವ. ಈ ಸಲ ಅತ್ತೆಯನ್ನು ಕೇಳಬೇಕಾಗಲಿಲ್ಲ. ಆ ತಿಂಗಳು ಚಾರ್ಮಾಡಿಯ ಗುಡ್ಡ ಕುಸಿದು, ಹೊಳೆ ಮರದ ದಿಮ್ಮಿ ಮರಳು ಎಲ್ಲ ಹೊತ್ತು ತೋಟಗಳಿಗೆ ನುಗ್ಗಿತ್ತು. ಆ ಸಾಲು ಈಗ ಇಲ್ಲ. ಮಾವ ಫೋಟೋವನ್ನು ದೊಡ್ಡದು ಮಾಡಿ, ಪರದೆಗೆ ಬೆರಳು ಇಟ್ಟು ಮರ ಎಣಿಸಿದರು. ಹದಿನಾರು.

ಇದನ್ನೇ ಕಾಗದಕ್ಕೆ ಹಾಕುವ ಎಂದೆ. ಅತ್ತೆ ಬಾಳೆಕಾಯಿ ನೀರಿಗೆ ಹಾಕಿ ಬಂದು ನೋಡಿ ತೀರ್ಪು ಕೊಟ್ಟರು: "ಆಗ್ಲಿಕ್ಕಿಲ್ಲ. ತೋಟಕ್ಕೆ ಉಡುವ ಸೀರೆ."

ಆದ್ದರಿಂದ ಓದುಗರಲ್ಲಿ ಬಿನ್ನಹ. ನಮ್ಮ ಕಡೆಯ ಯಾವುದಾದರೂ ಮದುವೆಯಲ್ಲಿ, ಕುತ್ತಿಗೆಗೆ ಕ್ಯಾಮರಾ ನೇತುಹಾಕಿಕೊಂಡ ಹಿರಿಯರೊಬ್ಬರು ಹೆಂಡತಿಯ ಪಕ್ಕದಲ್ಲಿ ಸುಮ್ಮನೆ ನಿಂತ ಫೋಟೋ ನಿಮ್ಮಲ್ಲಿದ್ದರೆ ದಯಮಾಡಿ ಕಳಿಸಿ. ವಾಟ್ಸಾಪಿನಲ್ಲಾದರೆ ಡಾಕ್ಯುಮೆಂಟ್ ಎಂದೇ ಕಳಿಸಿ. ಬರೀ ಫೋಟೋ ಎಂದು ಹಾಕಿದರೆ ಅದು ಹಿಂಡಿ ಸಣ್ಣದು ಮಾಡಿ, ತೆಗೆದ ತಾರೀಕನ್ನೂ ಉದುರಿಸಿಬಿಡುತ್ತದೆ. ಉದುರಿದರೂ ಅಡ್ಡಿಯಿಲ್ಲ, ಸೀರೆ ಕಂಡರೆ ಸಾಕು.