ದ್ರಾಕ್ಷಾಜ್ಯೋತಿ

(ಬೆಂಗಳೂರಿನ ಒಂದು ಮನೆ. ರಾತ್ರಿ ಒಂಬತ್ತು. ಕರೆಂಟ್ ಹೋಗಿ ಆರು ಗಂಟೆ. ಒಂದು ಮೇಣದಬತ್ತಿ, ಒಂದು ಬಾಟಲಿ, ಒಂದು ಸ್ಟೀಲ್ ಲೋಟ.)

ಸೀನ: ಏನ್ ರಾಯರೇ, ಕತ್ತಲಲ್ಲಿ ಕೂತಿದ್ದೀರಿ?

ರಾಯರು: ಬಾರೋ ಸೀನ. ಫ್ರಿಜ್ ಕೈಕೊಟ್ಟಿದೆ. ವೈನ್ ಕೆಡಬಾರದಲ್ಲ, ಹೊಟ್ಟೆಗೆ ವರ್ಗಾಯಿಸ್ತಿದ್ದೀನಿ.

ಸೀನ: ಫಾರಿನ್ನಾ?

ರಾಯರು: ಛೆ! ಬೆಂಗಳೂರು ಬ್ಲೂ ದ್ರಾಕ್ಷಿ ಕಣೋ, ನಂದಿಬೆಟ್ಟದ ಕಡೇದು. ಜಿಐ ಟ್ಯಾಗ್ ಬೇರೆ ಇದೆ. ಶೇ 12 ಪವರ್. ಈ ಬೀದೀಲಿ ಸದ್ಯಕ್ಕಿರೋ ಪವರ್ ಇಷ್ಟೇ.

ಸೀನ: ಕಂಪ್ಲೇಂಟ್ ಕೊಟ್ರಾ?

ಪದ್ದಕ್ಕ: ಕೊಟ್ವಪ್ಪ. ಲೈನ್‌ಮ್ಯಾನ್ ಹೊರಟಿದ್ದಾರೆ ಅಂದ್ರು. ಆಗ ಇವರದ್ದು ಮೊದಲನೇ ಲೋಟ. ಈಗ ನಾಲ್ಕನೇದು.

ರಾಯರು: ಲೋಡ್ ಜಾಸ್ತಿಯಾಗಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯ್ತಂತೆ.

ಪದ್ದಕ್ಕ: ನಮ್ಮನೇಲಿ ಲೋಡ್ ಎಷ್ಟಾದರೂ ಟ್ರಿಪ್ ಆಗಲ್ಲ ನೋಡು.

ಸೀನ: ಆದ್ರೂ 200 ಯೂನಿಟ್ ಫ್ರೀ ಅಲ್ವಾ ರಾಯರೇ?

ರಾಯರು: ಹೌದಪ್ಪ, 2023ರಿಂದ. 200 ದಾಟಿದರೆ ಪೂರ್ತಿ ಬಿಲ್ಲು. ಪಾಪ, ನಾವು ದಾಟದ ಹಾಗೆ ಕರೆಂಟಿನವರೇ ಜೋಪಾನ ಮಾಡ್ತಿದ್ದಾರೆ.

ಸೀನ: ಎಂಥಾ ಒಳ್ಳೇ ಜನ! ಬಾಟಲಿಗೂ ಫ್ರೀ ಉಂಟಾ?

ರಾಯರು: ಅದಕ್ಕೆ ತೆರಿಗೆ ಕಟ್ತೀನಿ. ನಾನೊಂದು ಬಾಟಲಿ ಖಾಲಿ ಮಾಡಿದರೆ ಇನ್ನೆಲ್ಲೋ ಒಂದು ಬಲ್ಬು ಉರಿಯುತ್ತೆ.

ಸೀನ: ಹಾಗಾದ್ರೆ ಇನ್ನೊಂದು ತೆಗೀರಿ. ನಮ್ಮನೇಲೂ ಕತ್ತಲು.

(ಫಕ್ಕನೆ ಕರೆಂಟ್ ಬರುತ್ತದೆ. ಖಾಲಿ ಬಾಟಲಿ ಒಂದಲ್ಲ, ಮೂರು ಕಾಣುತ್ತವೆ.)

ರಾಯರು: ಅಯ್ಯೋ, ಲೈಟ್ ಆರ್ಸೇ ಪದ್ದಾ!

(ಅವಳು ಏಳುವ ಮೊದಲೇ ಮತ್ತೆ ಹೋಯಿತು.)