ಬ್ಯಾಟರಿಗೆ ಹೀಟರ್, ಹೆಂಡತಿಗೆ ಶಾಲು

ನಾರ್ವೆಯ ಹೆದ್ದಾರಿ ಬದಿಯ ಹಲವು ಫಾಸ್ಟ್ ಚಾರ್ಜರುಗಳ ಮೇಲೆ 300 ಕಿಲೋವಾಟ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಜನವರಿ ತಿಂಗಳಲ್ಲಿ ಅದನ್ನು ನಂಬುವವರು ಇಬ್ಬರೇ: ಪ್ರವಾಸಿಗರು ಮತ್ತು ಬೇಸಿಗೆಯಲ್ಲಿ ಕಾರು ಕೊಂಡವರು.

ಓಸ್ಲೊದಿಂದ ತ್ರೊಂಡ್‌ಹೈಮ್‌ಗೆ ಹೋಗುವ ಇ6 ರಸ್ತೆ ಗುದ್‌ಬ್ರಾಂಡ್ ಕಣಿವೆಯುದ್ದಕ್ಕೂ ಏರುತ್ತಾ ದೊಂಬೊಸ್ ಎಂಬ ಪುಟ್ಟ ಊರಿಗೆ ಬರುತ್ತದೆ. ಮುಂದೆ ದೋವ್ರೆ ಬೆಟ್ಟಸಾಲು. ಯುರೋಪಿಗೆ ಟೆಸ್ಲಾದ ಸೂಪರ್‌ಚಾರ್ಜರುಗಳು 2013ರಲ್ಲಿ ಮೊದಲು ಬಂದದ್ದು ಇದೇ ದೇಶಕ್ಕೆ, ಆ ಮೊದಲ ಕಂತಿನಲ್ಲೇ ದೊಂಬೊಸ್ ಕೂಡ ಇತ್ತು. ಹೀಗೆ ಚಾರ್ಜಿಂಗ್ ಲೋಕದ ಪುಣ್ಯಕ್ಷೇತ್ರದಲ್ಲಿ ನಾವು ಕೇಬಲ್ ಚುಚ್ಚಿದೆವು. ಹೊರಗೆ ಮೈನಸ್ 22. ರಾತ್ರಿಯಿಡೀ ಒಟ್ಟಾ ಎಂಬ ಊರಿನ ಬಯಲಿನಲ್ಲಿ ನಿಂತಿದ್ದ ಕಾರು. ಕೇಬಲ್ಲೋ, ಮಡಿಸಿದರೆ ಮುರಿದೇ ಹೋಗುತ್ತೇನೆ ಎನ್ನುವಷ್ಟು ಸೆಟೆದುಕೊಂಡಿತ್ತು.

"ಎಷ್ಟು ಬರ್ತಿದೆ ರೀ?" ಒಳಗಿನಿಂದ ಹೆಂಡತಿ.

"ಮೂವತ್ತೊಂದು."

"ಮುನ್ನೂರು ಅಂತ ಬರೆದಿದೆಯಲ್ಲ?"

"ಅದು ಅವರು ಕೊಡೋದು. ನಮ್ಮದು ತಗೋಬೇಕಲ್ಲ!"

ತಗೊಳ್ಳದಿರುವುದಕ್ಕೆ ಕಾರಣವಿದೆ. ತಣ್ಣಗಿರುವ ಬ್ಯಾಟರಿಗೆ ಜೋರಾಗಿ ವಿದ್ಯುತ್ ತುಂಬಿದರೆ ಲಿಥಿಯಂ ಗ್ರಾಫೈಟಿನ ಒಳಕ್ಕೆ ಇಳಿಯದೆ ಅದರ ಮೇಲೆಯೇ ಲೋಹವಾಗಿ ಕೂತುಬಿಡುತ್ತದೆ. ಹಾಗೆ ಕೂತದ್ದರಲ್ಲಿ ಒಂದಷ್ಟು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಕಾರಿನ ಕಂಪ್ಯೂಟರು ಕೈ ಬಿಗಿ ಹಿಡಿಯುತ್ತದೆ. ಇದು ಹೊಸ ಅಳಿಯನ ಊಟ. ಮೊದಲು ಸಂಕೋಚ, ಎಲೆ ತುಂಬ ಬಡಿಸಿದರೂ ತುತ್ತು ಎತ್ತುವುದಿಲ್ಲ. ಮೈ ಬೆಚ್ಚಗಾದ ಮೇಲೆ ಬಡಿಸುವವರ ಕೈ ಸೋಲುವಷ್ಟು ಉಣ್ಣುತ್ತಾನೆ. ಶೇಕಡಾ 80 ದಾಟಿತೋ, ಎಲೆಗೆ ಕೈ ಅಡ್ಡ ಹಿಡಿದು ಸಾಕು ಸಾಕು ಎನ್ನುತ್ತಾನೆ; ಆಮೇಲೆ ಬಡಿಸಿದ್ದೆಲ್ಲ ಬರೀ ಕಾಲಹರಣ.

ಉಪಾಯವೂ ಉಂಟು. ನಕ್ಷೆಯಲ್ಲಿ ಚಾರ್ಜರನ್ನೇ ಗುರಿಯಾಗಿ ಕೊಟ್ಟರೆ ಈಗಿನ ಬಹಳಷ್ಟು ಕಾರುಗಳು ದಾರಿಯಲ್ಲೇ ಬ್ಯಾಟರಿ ಕಾಯಿಸಿಕೊಂಡು ಬರುತ್ತವೆ. ಕಾಯಿಸಲು ಬೇಕಾದ ವಿದ್ಯುತ್ತು ಅದೇ ಬ್ಯಾಟರಿಯದು! ನಾವೂ ಕೊಟ್ಟಿದ್ದೆವು. ಆದರೆ ಒಟ್ಟಾದಿಂದ ದೊಂಬೊಸ್‌ಗೆ ನಲವತ್ತು ಚಿಲ್ಲರೆ ಕಿಲೋಮೀಟರು; ಅಷ್ಟರಲ್ಲಿ ನಾಲ್ಕೈದು ನೂರು ಕಿಲೋ ತೂಗುವ ಆ ಹೆಪ್ಪು ಅರ್ಧವೂ ಕಾದಿರಲಿಲ್ಲ. ಬ್ಯಾಟರಿ ಸಾಲದಾದೀತೆಂದು ನಾನು ಒಳಗಿನ ಹೀಟರ್ ಆರಿಸಿ ಸೀಟು ಮಾತ್ರ ಬಿಸಿಯಾಗುವಂತೆ ಇಟ್ಟಿದ್ದೆ. ಅದಕ್ಕೆ ಖರ್ಚು ಕಡಿಮೆ, ಶಾಸ್ತ್ರಸಮ್ಮತ ಕೂಡ.

"ಅದಕ್ಕೆ ಹೀಟರು, ನನಗೆ ಶಾಲು," ಎಂದಳು. ಶಾಸ್ತ್ರ ಹೇಳುವ ಧೈರ್ಯ ಬರಲಿಲ್ಲ.

ನಾರ್ವೆಯ ಜನ ಇಷ್ಟು ಚಳಿಯಲ್ಲಿ ವಿದ್ಯುತ್ ಕಾರನ್ನೇ ಏಕೆ ಹಿಡಿದರು? 2024ರಲ್ಲಿ ಇಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 89ರಷ್ಟು ವಿದ್ಯುತ್ ಕಾರುಗಳೇ. ಇದರ ಹಿಂದೆ ಒಂದು ಪುಂಡಾಟವಿದೆ. 1989ರಲ್ಲಿ ಆ-ಹಾ ಪಾಪ್ ತಂಡದ ಮಾರ್ಟೆನ್ ಹಾರ್ಕೆಟ್ ಮತ್ತು ಮಾಗ್ನೆ ಫುರುಹೋಲ್ಮೆನ್, ಪರಿಸರವಾದಿ ಫ್ರೆಡೆರಿಕ್ ಹೌಗೆ ಜೊತೆ ಸೇರಿ, ವಿದ್ಯುತ್ತಿಗೆ ಬದಲಿಸಿದ ಫಿಯೆಟ್ ಪಾಂಡಾ ತಂದರು. ಓಸ್ಲೊದ ಟೋಲ್ ಕಟ್ಟದೆ ನುಗ್ಗಿದರು, ದಂಡವನ್ನೂ ಕಟ್ಟಲಿಲ್ಲ. ಸರ್ಕಾರ ಕಾರು ಜಪ್ತಿ ಮಾಡಿ ಹರಾಜು ಹಾಕಿತು. ಕಡೆಗೆ 1997ರಲ್ಲಿ ವಿದ್ಯುತ್ ಕಾರಿಗೆ ಟೋಲ್ ಮನ್ನಾ ಆಯಿತು. 2001ರಲ್ಲಿ ವ್ಯಾಟ್ ಕೂಡ ಹೋಯಿತು. ನಮ್ಮ ಬೆಂಗಳೂರಿನ ವಿದ್ಯುತ್ ಕಾರು ರೇವಾ ಸಹ ಈ ಹಿಮದಲ್ಲಿ ಓಡಿತ್ತು. ಅದರ ಧೈರ್ಯಕ್ಕೆ ನಾನು ಈಗಲೂ ಕೈ ಮುಗಿಯುತ್ತೇನೆ.

ಕಾಫಿ ಅಂಗಡಿಯಲ್ಲಿ ಕಂದು ಚೀಸ್ ಹಾಕಿದ ವಾಫಲ್ ತಿಂದು ಮುಗಿಸುವ ಹೊತ್ತಿಗೆ ಕಾರು 118 ಕಿಲೋವಾಟ್‌ಗೆ ಏರಿತ್ತು. ಇಲ್ಲಿಯವರು ಅಪರಿಚಿತರ ಮುಖ ನೋಡಿ ಮಾತಾಡುವುದಿಲ್ಲ. ಪಕ್ಕದ ಚಾರ್ಜರಿನವನು ಮಾತ್ರ ನಮ್ಮ ಪರದೆ ಬಗ್ಗಿ ನೋಡಿ, ತನ್ನದನ್ನು ನೋಡಿ, ನಿಟ್ಟುಸಿರು ಬಿಟ್ಟ. ಚಾರ್ಜು ಶೇಕಡಾ 80 ಮುಟ್ಟುತ್ತಿದ್ದಂತೆ ಸಾಲಿನಲ್ಲಿದ್ದವರ ದೃಷ್ಟಿ ಬೆನ್ನಿಗೆ ತಾಕತೊಡಗಿತು. ಕೇಬಲ್ ಕಿತ್ತು ಹೊರಟೆವು.

ಈ ಬಾರಿ ಸ್ಟೀರಿಂಗ್ ಅವಳ ಕೈಯಲ್ಲಿ. ಮೊದಲ ಕೆಲಸವೆಂದರೆ ಹೀಟರನ್ನು 23ಕ್ಕೆ ಇಟ್ಟದ್ದು. ಪರದೆಯ ಮೇಲೆ ಉಳಿದ ದೂರ 270ರಿಂದ 225ಕ್ಕೆ ಇಳಿಯಿತು. ನಾನು ಅದನ್ನು ನೋಡಿದೆ, ಅವಳು ನನ್ನನ್ನು ನೋಡಿದಳು.

"ಮುಂದೆ ಒಪ್ದಾಲ್‌ನಲ್ಲೂ ಚಾರ್ಜರ್ ಇದೆ," ಎಂದಳು.