ಮೇಷ್ಟ್ರ ಲಾಗಿನಲ್ಲಿ ಕಂಡ ಶೇಕಡಾ ಗುರುತು

ಗಾಬರಿ ಬಿಡಿ ಮೇಷ್ಟ್ರೇ. ಈ ಕಾಂಪೌಂಡ್ ಹತ್ರಾನೇ ನಿಂತು ಹೇಳ್ಬಿಡ್ತೀನಿ. ನಿಮ್ಮ ಶಾಸನಗಳ ವೆಬ್‌ಸೈಟಿಗೆ ಯಾರೋ ಕನ್ನ ಹಾಕ್ತಿದಾರೆ ಅಂತ ಹೋಸ್ಟಿಂಗ್‌ನವರ ಎಚ್ಚರಿಕೆ ಬಂದು, ನೀವು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೀರಿ ಅಂತ ಅಮ್ಮಾವ್ರು ಹೇಳಿದ್ರು. ಲಾಗ್ ಪೂರ್ತಿ ಓದಿದೆ. ಕನ್ನ ಯಾರೂ ಹಾಕಿಲ್ಲ.

ಆಕ್ಸೆಸ್ ಲಾಗ್ ಅಂದ್ರೆ ಗೇಟಿನಲ್ಲಿ ವಾಚ್‌ಮನ್ ಬರೆದಿಡೋ ಪುಸ್ತಕ ಇದ್ದ ಹಾಗೆ. ಯಾವ ಐಪಿಯಿಂದ ಬಂದ್ರು, ಎಷ್ಟು ಹೊತ್ತಿಗೆ, ಯಾವ ಪುಟ ಕೇಳಿದ್ರು, ಸಿಕ್ಕಿತಾ ಇಲ್ವಾ, ಎಲ್ಲ ಒಂದೇ ಸಾಲಿನಲ್ಲಿ. ಸಿಕ್ಕಿದ್ರೆ 200, ಅಂಥ ಪುಟವೇ ಇಲ್ಲದಿದ್ರೆ 404, ತಡೆದು ಕಳಿಸಿದ್ರೆ 403. ನಿಮ್ಮದರಲ್ಲಿ 404, 403 ಸಾಲುಗಟ್ಟಿ ನಿಂತಿವೆ. ಬಹಳ ಜನ ಇಷ್ಟು ನೋಡಿದ ಕೂಡಲೇ ಆ ಐಪಿಗಳನ್ನ ಬ್ಲಾಕ್ ಮಾಡ್ತಾರೆ. ನಾನು ಮೊದಲು ನೋಡೋದು ರೆಫರರ್, ಅಂದ್ರೆ ಯಾವ ಪುಟದ ಲಿಂಕ್ ಹಿಡಿದು ಬಂದ್ರು ಅನ್ನೋದು. ರೆಫರರ್ ಇದ್ದ ಸಾಲುಗಳಲ್ಲೆಲ್ಲ ನಿಮ್ಮದೇ ಸೈಟಿನ ವಿಳಾಸ! ಕೇಳಿದ ಪುಟಗಳೂ ಅಷ್ಟೇ, ಕನ್ನಡದ ಹೆಸರಿರೋ ಲೇಖನಗಳ ಇಂಗ್ಲಿಷ್ ರೂಪ ಮಾತ್ರ. ಆಗಲೇ ಆ ಇಂಗ್ಲಿಷ್ ರೂಪಕ್ಕಾಗಿ ಸೈಟಿಗೆ ಹಾಕಿರೋ ಅನುವಾದದ ಪ್ಲಗಿನ್ ಮೇಲೆ ಅನುಮಾನ ಬಂತು.

ಏನಾಗಿದೆ ಗೊತ್ತಾ? ವೆಬ್ ವಿಳಾಸದಲ್ಲಿ ಕನ್ನಡ ಅಕ್ಷರ ಇದ್ದ ಹಾಗೇ ಪ್ರಯಾಣ ಮಾಡಲ್ಲ. ಯುಟಿಎಫ್-8 ಲೆಕ್ಕದಲ್ಲಿ ನಮ್ಮ ಒಂದೊಂದು ಸಂಕೇತಕ್ಕೂ 3 ಬೈಟ್. ಒಂದೊಂದು ಬೈಟಿಗೂ ಒಂದು ಶೇಕಡಾ ಗುರುತು, ಅದರ ನಂತರ ಇನ್ನೆರಡು ಗುರುತು. ‘ಕನ್ನಡ’ ಅಂತ ಬರೆದ್ರೆ ಕ, ನ, ಒತ್ತಕ್ಷರಕ್ಕೆ ಬೇಕಾದ ವಿರಾಮ, ಮತ್ತೆ ನ, ಡ. 5 ಸಂಕೇತ, 15 ಬೈಟ್, ಲಾಗಿನಲ್ಲಿ 45 ಗುರುತು! ಅಕ್ಷರವನ್ನ ಹೀಗೆ ಶೇಕಡಾ ಗುರುತುಗಳಲ್ಲಿ ಮಡಚೋದು ಸರಿಯಾದದ್ದೇ, ಸರ್ವರ್ ಅದನ್ನ ಬಿಡಿಸಿ ಓದ್ಕೊಳ್ಳುತ್ತೆ. ಆದ್ರೆ ಪ್ಲಗಿನ್ ‘ಇಂಗ್ಲಿಷ್‌ನಲ್ಲಿ ಓದಿ’ ಅನ್ನೋ ಲಿಂಕ್ ಕಟ್ಟುವಾಗ ಆಗಲೇ ಮಡಚಿದ್ದನ್ನ ಇನ್ನೊಂದು ಸಲ ಮಡಚಿದೆ. ಪ್ರತಿ ಶೇಕಡಾ ಗುರುತೂ %25 ಆಗಿದೆ, 45 ಹೋಗಿ 75. ಸರ್ವರ್ ಬಿಡಿಸೋದು ಒಂದೇ ಸಲ. ಒಳಗೆ ಕನ್ನಡ ಸಿಗೋ ಬದಲು ಮತ್ತೆ ಶೇಕಡಾಗಳೇ ಸಿಗುತ್ತವೆ, ಆ ಹೆಸರಿನ ಪುಟ ಎಲ್ಲಿದೆ?

ಹೋಸ್ಟಿಂಗ್‌ನವರ ಫೈರ್‌ವಾಲ್ ಇವನ್ನ ತಡೆದು 403 ಕೊಟ್ಟು ಕೂಗಿಕೊಂಡದ್ದೂ ತಪ್ಪಲ್ಲ ಮೇಷ್ಟ್ರೇ. ಎರಡು ಸಲ ಮಡಚಿ ಕಳಿಸೋದು ದಾಳಿ ಮಾಡೋರ ಹಳೇ ಉಪಾಯ. ಫೈಲುಗಳ ಹಾದಿಯನ್ನ ಹೀಗೆ ಮರೆಮಾಚಿ ಒಳಗೆ ನುಗ್ಗೋಕೆ ನೋಡ್ತಾರೆ.

ಏನಂದ್ರಿ? ಹಾಗಾದ್ರೆ ಬಂದೋರು ಯಾರು ಅಂತಾನಾ? ಹೆಚ್ಚಿನವರು ಗೂಗಲ್, ಬಿಂಗ್‌ನ ಬಾಟ್‌ಗಳು. ಪುಟದಲ್ಲಿರೋ ಲಿಂಕ್‌ಗಳನ್ನ ಹಿಡಿದು ಹೋಗೋದೇ ಅವುಗಳ ಕೆಲಸ. ಬ್ಲಾಕ್ ಮಾಡಿದ್ರೆ ನಿಮ್ಮ ಶಾಸನಗಳು ಹುಡುಕಾಟದಿಂದಲೇ ಮಾಯ ಆಗ್ತಿದ್ವು. ಹಾಗಂತ ಗೂಗಲ್‌ಬಾಟ್ ಅಂತ ಹೆಸರು ಹೇಳ್ಕೊಂಡು ಬಂದೋರೆಲ್ಲ ಗೂಗಲ್‌ನವರಲ್ಲ. ಐಪಿಗೆ ರಿವರ್ಸ್ ಡಿಎನ್‌ಎಸ್ ಮಾಡಿ, ಬಂದ ಹೆಸರು ಗೂಗಲ್‌ನದೇ ಅಂತ ಖಾತ್ರಿ ಮಾಡ್ಕೊಂಡು, ಅದನ್ನ ಮತ್ತೆ ಐಪಿಗೆ ತಿರುಗಿಸಿ, ಎರಡೂ ಹೊಂದುತ್ತಾ ಅಂತ ನೋಡ್ಕೊಂಡೆ.

ಸೈಟಿನ ಒಂದು ನಕಲು ಪ್ರತಿ ಮಾಡಿ ಅದರಲ್ಲಿ ಪ್ಲಗಿನ್ ಆಫ್ ಮಾಡಿದೆ, ಕೆಟ್ಟ ಲಿಂಕ್‌ಗಳು ಹೋದವು. ಆನ್ ಮಾಡಿದೆ, ಬಂದವು. ಆಮೇಲೆ ನಿಜವಾದ ಸೈಟಿಗೆ ಪ್ಲಗಿನ್ನಿನ ಹೊಸ ಆವೃತ್ತಿ ಹಾಕಿ, ಕ್ಯಾಶ್, ಅಂದ್ರೆ ಮೊದಲೇ ಕೂಡಿಟ್ಟ ಪುಟಗಳನ್ನ, ಖಾಲಿ ಮಾಡಿದ ಮೇಲೆ ಸರಿಹೋಯ್ತು. ಈ ಕ್ಯಾಶ್ ಮರೆತ್ರೆ ಹಳೇ ಪುಟವೇ ಕಾಣಿಸ್ತಾ ಇರುತ್ತೆ, ಎಷ್ಟು ತಿದ್ದಿದ್ರೂ ಅಷ್ಟೇ.

ವಿಳಾಸಗಳನ್ನೇ ಇಂಗ್ಲಿಷಿಗೆ ಬದಲಾಯಿಸಿ ಅಂತ ಹೋಸ್ಟಿಂಗ್‌ನವರು ಸಲಹೆ ಕೊಟ್ಟಿದಾರಲ್ಲ, ಅದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಹಲ್ಮಿಡಿ ಶಾಸನದ ಪುಟಕ್ಕೆ ಕನ್ನಡದಲ್ಲೇ ಹೆಸರಿರಲಿ. ಸರಿಯಾಗಿ ಬರೆದ ಪ್ಲಗಿನ್ನಿಗೆ ಅದೇನೂ ಭಾರ ಅಲ್ಲ.

ಹಳೇ ತಪ್ಪು ವಿಳಾಸಗಳನ್ನ ಬಾಟ್‌ಗಳು ಇನ್ನೂ ಸ್ವಲ್ಪ ಕಾಲ ಕೇಳ್ತಾ ಇರ್ತವೆ. ಅವಕ್ಕೆ 301 ಹಾಕಿ ಸರಿಯಾದ ಪುಟಕ್ಕೆ ತಿರುಗಿಸಿದ್ದೀನಿ. ಆದ್ರೆ ಲಾಗಿನ್ ಪುಟವನ್ನೇ ಯಾರಾದ್ರೂ ಮೇಲಿಂದ ಮೇಲೆ ತಟ್ಟೋದು ಕಂಡ್ರೆ ಅದು ಬೇರೆ ವಿಷಯ, ರಾತ್ರಿ ಆದ್ರೂ ಸರಿ, ಕೂಗಿ.